ಪಥ್ಯವಿಲ್ಲದ ಮದ್ದು

ಬೆಳಿಗ್ಗೆ ಒಗ್ಗರಣೆಗೆಂದು ಸಾಸಿವೆ ಡಬ್ಬಿಗೆ ಕೈ ಹಾಕಿದರೆ ಸಿಕ್ಕಿದ್ದು ಮಾತ್ರೆಯ ಸ್ಟ್ರಿಪ್. ನಿನ್ನೆ ಪುತ್ತೂರಿನ ಮನೋವೈದ್ಯರು ನನಗೆ ಬರೆದುಕೊಟ್ಟ ಖಿನ್ನತೆಯ ಮದ್ದು. ಗಂಡನ ಕಣ್ಣಿಗೆ ಬೀಳಬಾರದೆಂದು ನಾನೇ ಅಡಗಿಸಿಟ್ಟದ್ದು. ಇನ್ನೂ ಒಂದನ್ನೂ ನುಂಗಿಲ್ಲ. ಶಾಲೆಯಲ್ಲಿ ಊರ ಮಕ್ಕಳಿಗೆಲ್ಲ ಬುದ್ಧಿ ಹೇಳುವವಳ ಧೈರ್ಯ ಇಷ್ಟೇ, ನೋಡಿ. ಆಗ ನೆನಪಾದವರು ರಾಮಕುಂಜದ ಸರಸತ್ತೆ, ನನ್ನಪ್ಪನ ತಂಗಿ.

ಅತ್ತೆ ಬಾವಿಕಟ್ಟೆಯಲ್ಲಿ ಮಾತಾಡಿದರೆ ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು. ಅಂಥವರು ಕೆಲವು ವರ್ಷಗಳ ಹಿಂದೆ ಒಮ್ಮೆ ಮಾತು ಬಿಟ್ಟು ಕುಳಿತರು. ನಿದ್ರೆಯಿಲ್ಲ, ಹಸಿವಿಲ್ಲ, "ನಾನು ಯಾಕಾದ್ರೂ ಇದ್ದೇನೋ" ಎಂಬ ಒಂದೇ ರಾಗ. ಮಾವ ಹೆದರಿ ಪುತ್ತೂರಿಗೆ ಕರೆದುಕೊಂಡು ಹೋದರು; ಜೊತೆಗೆ ನಾನು.

ಮಾತ್ರೆ ಬರೆದ ಡಾಕ್ಟರರಲ್ಲಿ ಅತ್ತೆ ಕೇಳಿದ್ದು ಇಷ್ಟೇ: "ಪಥ್ಯ ಎಂತ?"

"ಎಂತದೂ ಇಲ್ಲ ಅಮ್ಮ. ಗುಣ ಕಾಣ್ಲಿಕ್ಕೆ ಕೆಲವು ವಾರ ಬೇಕು. ಮೊದಮೊದಲು ಹೊಟ್ಟೆ ತೊಳಸಬಹುದು. ಬೇರೆ ಮದ್ದು ಎಂತ ತಕೊಳ್ಳುದಿದ್ರೂ ನನ್ನತ್ರ ಹೇಳಿ."

ಪಥ್ಯವಿಲ್ಲದ್ದು ಮದ್ದೇ ಅಲ್ಲ ಎನ್ನುವ ಸೀಮೆ ನಮ್ಮದು. ಕಾಮಾಲೆಗೆ ಬೇರು ಅರೆದು ಕೊಡುವವರು ಉಪ್ಪು, ಹುಳಿ, ಎಣ್ಣೆ ಎಲ್ಲ ಬಿಡಿಸುತ್ತಾರೆ. ಪಥ್ಯ ಮುಗಿದ ದಿನ ಮದ್ದೂ ಮುಗಿಯಿತು. ಅತ್ತೆ ತಾವೇ ಪಥ್ಯ ಹಾಕಿಕೊಂಡು ಸಪ್ಪೆ ಗಂಜಿ ಉಂಡು ಮಾತ್ರೆ ನುಂಗಿದರು. ಕ್ರಮೇಣ ನಿದ್ರೆ ಬಂತು, ಮಾತೂ ಬಂತು. ಖುಷಿಯಲ್ಲಿ ಹಲಸಿನ ಹಪ್ಪಳ ಕರಿದು ಪಥ್ಯ ಬಿಟ್ಟರು. ಕ್ರಮ ಪ್ರಕಾರ ಮಾತ್ರೆಯನ್ನೂ ಬಿಟ್ಟರು. ಮೊದಲು ತಲೆ ತಿರುಗಿತು. ಆಮೇಲೆ ಹಳೆಯ ಮೌನ ಮರಳಿತು.

ಮತ್ತೆ ಪುತ್ತೂರಿಗೆ ಹೋದಾಗ ಡಾಕ್ಟರು ಗದರಲಿಲ್ಲ. "ಗುಣ ಆದ ಮೇಲೂ ಕೆಲವು ತಿಂಗಳು ತಕೊಳ್ಬೇಕು. ಬಿಡುವ ಸಮಯ ಬಂದಾಗ ನಾನೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತೇನೆ" ಎಂದರು. ಈ ಸಲ ಅತ್ತೆ ಉಪ್ಪು ಹುಳಿ ಎಲ್ಲ ತಿಂದುಕೊಂಡೇ ಮಾತ್ರೆ ತೆಗೆದುಕೊಂಡರು.

ಅವರನ್ನು ನಾನು ಮೆಚ್ಚಿಕೊಂಡದ್ದು ನೆಂಟರೊಬ್ಬರ ಹೊಸ ಮನೆಯೊಕ್ಕಲಿನ ಊಟದಲ್ಲಿ. ಪಂಕ್ತಿಯಲ್ಲಿ ಎಲ್ಲರೆದುರು ಮಾತ್ರೆ ನುಂಗಿದರು. "ಅದೆಂತ ಸರಸಕ್ಕ?" ಪಕ್ಕದವರು ಕೇಳಿದರು.

"ಮನಸ್ಸಿನ ಮದ್ದು. ನಿಮ್ಮದು ಬಿಪಿಯದ್ದುಂಟಲ್ಲ, ತಕೊಂಡ್ರಾ?"

ಅತ್ತೆ ಪಾಯಸದವನನ್ನು ಕೂಗಿ ಕರೆದರು. ಎಂಥ ಗಟ್ಟಿಗಿತ್ತಿ!

ಒಗ್ಗರಣೆ ಬಿಟ್ಟು ಅವರಿಗೇ ಫೋನ್ ಮಾಡಿದೆ. "ಅತ್ತೆ, ನನಗೂ ಅಂಥದ್ದೇ ಮದ್ದು ಬರೆದಿದ್ದಾರೆ" ಎಂದೆ.

"ಗಂಡನಿಗೆ ಗೊತ್ತುಂಟಾ?"

"ಇಲ್ಲ."

"ಒಬ್ಬಳೇ ಹೊತ್ತುಕೊಂಡು ತಿರುಗಬೇಡ ಮಾರಾಯ್ತಿ. ಹೋಗಿ ಹೇಳು. ನಾನು ಫೋನ್ ಇಡುದಿಲ್ಲ."

ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ಫೋನ್ ಹಿಡಿದುಕೊಂಡೇ ಜಗಲಿಗೆ ಹೋದೆ. ಇವರು ಪೇಪರ್ ಓದುತ್ತಿದ್ದರು. "ಕೇಳಿದಿರಾ, ನನಗೆ ಮನಸ್ಸು ಸರಿ ಇಲ್ಲ. ಡಾಕ್ಟ್ರು ಮದ್ದು ಬರೆದಿದ್ದಾರೆ" ಎಂದೆ.

ಇವರು ತಲೆಯೆತ್ತಿದರು. ಕಣ್ಣು ಒದ್ದೆಯಾಗಿತ್ತು. "ನನಗೆ ಗೊತ್ತಾಗಿತ್ತು. ಕೇಳ್ಲಿಕ್ಕೆ ಹೆದರಿಕೆ ಆಯ್ತು" ಎಂದವರು ನೀರು ತರಲು ಎದ್ದರು.