ದಿನಕ್ಕೊಂದು ವರಸೆ ಗೋಡೆ

ಮೊನ್ನೆ ಪೈಪು ಹಾಕಲು ನಮ್ಮ ಮನೆ ಮುಂದೆ ರಸ್ತೆ ಅಗೆದು ಹೋದರು. ಸಾಮಾನಿಗೆ ಸುತ್ತಿದ್ದ ಹುಲ್ಲನ್ನು ಗುಂಡಿಗೇ ಬಿಸಾಡಿದ್ದರು. ಎರಡು ದಿನ ಮಳೆ ಬಂದು ಕೆಮ್ಮಣ್ಣೂ ಹುಲ್ಲೂ ಕೂಡಿ ಹುಳಿತ ವಾಸನೆ ಏಳತೊಡಗಿತು. ಮಗಳು ಮೂಗು ಮುಚ್ಚಿಕೊಂಡಳು. ನಾನು ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತೆ. ಅದು ಗೋಡೆ ಮಣ್ಣಿನ ವಾಸನೆ... ಮೇಷ್ಟ್ರ ನೆನಪು ಬಂತು.

ಐವತ್ತರ ದಶಕದ ಮಾತು. ಹೇರೋಹಳ್ಳಿ ಆಗ ಹೊಲಗಳ ನಡುವಿನ ಊರು. ನಾನು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದೆ. ಯುಗಾದಿ ಕಳೆದ ಮೇಲೆ ಒಂದು ಸಂಜೆ ಬಿರುಗಾಳಿ, ಆಲಿಕಲ್ಲು ಮಳೆ ಹೊಡೆದು ಊರಿನ ಅರ್ಧ ಮನೆಗಳು ಮಲಗಿದವು. ನಮ್ಮ ಕೋಣೆಯ ಹೆಂಚು ಹಾರಿತು, ಒಂದು ಗೋಡೆ ಕುಸಿಯಿತು, ತೊಲೆ ಬಿದ್ದು ಅಪ್ಪನ ಕಾಲು ಮುರಿಯಿತು. ಪಕ್ಕದ ಮನೆಯವರ ಕೊಟ್ಟಿಗೆಯಲ್ಲಿ ಎತ್ತುಗಳ ಪಕ್ಕ ನನಗೆ ಚಾಪೆ ಹಾಸಿದರು. ಅಲ್ಲೇ ಹೆರಬೇಕಾಗುತ್ತದೇನೋ ಎಂದು ನನಗೆ ಜೀವ ಬಾಯಿಗೆ ಬಂದಿತ್ತು.

ಆ ಶನಿವಾರ ಪೇಟೆಯ ಚರ್ಚಿನಿಂದ ಹತ್ತು ಹನ್ನೆರಡು ಜನ ಗುದ್ದಲಿ, ಮಂಕರಿ ಹಿಡಿದು ಬಂದರು. ಬಿದ್ದ ಮನೆಗಳನ್ನು ಎತ್ತಿಕೊಡುತ್ತೇವೆ, ಕೂಲಿ ಬೇಡ ಎಂದರು. ಮುಂದಾಳು ಒಂದು ಮಿಷನ್ ಶಾಲೆಯ ಡ್ರಿಲ್ ಮೇಷ್ಟ್ರು. ಖಾಕಿ ಚಡ್ಡಿ, ಕೊರಳಲ್ಲಿ ಪೀಪಿ. ಜಾತಿ ಕೆಡಿಸಲು ಬಂದಿದ್ದಾರೆ ಎಂದು ಊರಿನಲ್ಲಿ ಗುಸುಗುಸು ಎದ್ದಿತು. ನಮ್ಮ ಅಜ್ಜಿ ಮಾತ್ರ ಗೋಡೆಗೆ ಯಾವ ಜಾತಿ ಎಂದು ಒಳಗೆ ಬಿಟ್ಟುಕೊಂಡಳು.

ಮಣ್ಣಿನ ಗೋಡೆಗೊಂದು ಕ್ರಮವಿದೆ. ಹುಲ್ಲು ಹಾಕಿ ತುಳಿದು ಹುಳಿಸಿದ ಮಣ್ಣನ್ನು ದಿನಕ್ಕೆ ಒಂದೇ ವರಸೆ, ಗೇಣೆತ್ತರ, ಇಟ್ಟು ಬಿಡಬೇಕು. ಅದು ಬಿಗಿದ ಮೇಲೆ ಇನ್ನೊಂದು. ಇಟ್ಟಿಗೆ ಮನೆಯ ಪೇಟೆಯವರಿಗೆ ಇದೆಲ್ಲಿ ಗೊತ್ತು? ಅಜ್ಜಿ ಹೇಳಿದರೂ ಕೇಳದೆ ಮೇಷ್ಟ್ರು ಪೀಪಿ ಊದಿ, ಹಾಡು ಹೇಳಿಸಿ, ಸಂಜೆಯೊಳಗೆ ಆಳೆತ್ತರ ಏರಿಸಿಬಿಟ್ಟರು. ಪ್ರಾರ್ಥನೆ ಮಾಡಿ ಹೊರಟರು. ಆತುರಗಾರನಿಗೆ ಬುದ್ಧಿ ಮಟ್ಟ. ಸೋಮವಾರ ಬೆಳಿಗ್ಗೆ ನೋಡಿದರೆ ಗೋಡೆ ಹೊಟ್ಟೆ ಉಬ್ಬಿ ಮಗುಚಿಕೊಂಡಿತ್ತು.

ಅಂದು ಸಂಜೆ ಸೈಕಲ್ಲಿನಲ್ಲಿ ನೋಡಲು ಬಂದ ಮೇಷ್ಟ್ರ ಮುಖ ಚಿಕ್ಕದಾಯಿತು. ಕೊಟ್ಟಿಗೆ ಬಾಗಿಲಿಗೆ ಬಂದು, ನಮ್ಮನ್ನು ಸಮಾಧಾನ ಮಾಡಲೆಂದೋ ಏನೋ, ಅಜ್ಜಿಗೆ ಹೇಳಿದರು.

"ನಮ್ಮ ಸ್ವಾಮಿನೂ ಹುಟ್ಟಿದ್ದು ಕೊಟ್ಟಿಗೇಲೇ ಅಮ್ಮ."

"ಹುಟ್ಟಿದೋರು ದೇವ್ರಾದ್ರು, ಸಂತೋಷ. ಹೆತ್ತೋಳ ಪಾಡು ಯಾರು ಕೇಳಿದ್ರು ಮೇಷ್ಟ್ರೇ?" ಎಂದಳು ಅಜ್ಜಿ.

ಮೇಷ್ಟ್ರು ಬೂಟು ಕಳಚಿಟ್ಟು, ಮಣ್ಣು ತುಳಿಯುವುದು ಹೇಗೆಂದು ಹೇಳಿಕೊಡಿ ಎಂದರು.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಅಷ್ಟು ದೂರ ಒಬ್ಬರೇ ಸೈಕಲ್ ತುಳಿದು ಬರುತ್ತಿದ್ದರು. ಒಂದು ವರಸೆ ಇಟ್ಟು ಹೊರಡುವರು. ಪೀಪಿ ಇಲ್ಲ, ಹಾಡಿಲ್ಲ. ಅಜ್ಜಿ ಬೈದರೆ ತಲೆ ತಗ್ಗಿಸಿ ಬೈಸಿಕೊಳ್ಳುವರು. ಭಾನುವಾರ ಮಾತ್ರ ಕೆಲಸ ಮುಟ್ಟುತ್ತಿರಲಿಲ್ಲ, ಅದು ಅವರ ದೇವರ ದಿನ. ನಾನು ಕೊಟ್ಟಿಗೆಯಲ್ಲಿ ಕೂತು ವರಸೆಗಳನ್ನು ಎಣಿಸುತ್ತಿದ್ದೆ... ನನ್ನ ದಿನಗಳನ್ನೂ.

ಹೀಗೆ ಎರಡನೆಯ ವಾರದ ಶನಿವಾರ ಗೋಡೆ ಮುಗಿಯಿತು, ಮೇಲೆ ಹೊದಿಕೆ ಬಾಕಿ. ಮರುದಿನ ಬೆಳಿಗ್ಗೆಯೇ ನನಗೆ ನೋವು ಕಾಣಿಸಿಕೊಂಡಿತು. ಪಕ್ಕದ ಮನೆಯವರು ಸೈಕಲ್ ಹತ್ತಿ ಚರ್ಚಿಗೇ ಹೋದರು. ಮಧ್ಯಾಹ್ನಕ್ಕೆ ಮೇಷ್ಟ್ರು ನಾಲ್ಕು ಜನರನ್ನು ಕಟ್ಟಿಕೊಂಡು, ಚರ್ಚಿನ ಬಿಳಿ ಬಟ್ಟೆಯಲ್ಲೇ ಬಂದರು. ಇವತ್ತು ನೀವು ಕೆಲಸ ಮುಟ್ಟಬಾರದಲ್ಲವೇ ಎಂದು ಅಜ್ಜಿ ಕೇಳಿದಳು.

"ಸ್ವಾಮಿಗೆ ಹೇಳೇ ಬಂದಿದೀನಿ ಅಮ್ಮ. ಬೈದ್ರೆ, ನಿಮ್ಮ ಹತ್ರ ಬೈಸ್ಕೊಂಡ ಹಾಗೇ ಬೈಸ್ಕೋತೀನಿ."

ಹಸಿ ಗೋಡೆಗೆ ಭಾರ ಬೀಳದಂತೆ ತೊಲೆಗೆ ಕಂಬ ಕೊಟ್ಟು, ಹೆಂಚು ಹೊದಿಸಿ ಇಳಿದರು. ನನ್ನನ್ನು ಒಳಗೆ ಕರೆದೊಯ್ದರು. ದೀಪ ಹಚ್ಚುವ ಹೊತ್ತಿಗೆ ಮಗಳು ಹುಟ್ಟಿದಳು.

ಬಾಣಂತನದಲ್ಲಿ ಒಂದು ಸಂಜೆ ಗೋಡೆಯಾಚೆ ಮೇಷ್ಟ್ರ ದನಿ ಕೇಳಿಸಿತು. ವರ್ಗವಾಗಿದೆ, ಒಮ್ಮೆ ನೋಡಿ ಹೋಗೋಣವೆಂದು ಬಂದೆ ಎಂದು ಅಜ್ಜಿಗೆ ಹೇಳುತ್ತಿದ್ದರು. ಆಮೇಲೆ ಗೋಡೆ ತಟ್ಟಿದರು.

"ಒಳಗೆ ಥಂಡಿ ಹೊಡೀತಿಲ್ಲ ತಾನೇ ಅಮ್ಮ?"

ಕೇಳಿದ್ದು ನನ್ನನ್ನೇ. ಬಾಣಂತಿ ಪರಗಂಡಸಿನ ಜೊತೆ ಮಾತಾಡುವ ಕಾಲವಲ್ಲ ಅದು. ಮಗುವನ್ನು ಅವುಚಿಕೊಂಡು ಸುಮ್ಮನಿದ್ದೆ. ಅವರು ಸ್ವಲ್ಪ ಕಾದು ಹೊರಟುಹೋದರು. ಎರಡು ವಾರ ನನಗಾಗಿ ಮಣ್ಣು ತುಳಿದವರೊಂದಿಗೆ ನಾನು ಒಂದು ಮಾತೂ ಆಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಆ ಶಾಲೆಗೆ ಹೋಗಿ ವಿಚಾರಿಸಿದೆ. ಗುಮಾಸ್ತರು ಹೆಸರು ಕೇಳಿದರು. ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ, ಮೇಷ್ಟ್ರು ಅಂದರೆ ಸಾಕಾಗುತ್ತಿತ್ತು... ಈಗ ಅವರು ಇರಲಾರರು. ಆ ಗೋಡೆಯೂ ಇಲ್ಲ. ಅದೇ ಜಾಗದ ಕಾಂಕ್ರೀಟು ಮನೆಯಲ್ಲಿ ಮಗಳ ಜೊತೆ ಇದ್ದೇನೆ.

ಥಂಡಿ ಹೊಡೆಯುತ್ತಿರಲಿಲ್ಲ ಮೇಷ್ಟ್ರೇ, ಬೆಚ್ಚಗಿತ್ತು. ಇಷ್ಟು ಹೇಳುವುದಕ್ಕೆ ಅಂದು ನನಗೆ ಬಾಯಿ ಬರಲಿಲ್ಲ.