ಅಕ್ಕನ ಇಮೇಲ್ ಮರಳಿ ಬಂದ ದಿನ

ಕಾರವಾರದ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಇಂಗ್ಲಿಷನ್ನೂ ಇಂಟರ್ನೆಟ್ಟನ್ನೂ ಒಟ್ಟಿಗೇ ಕಲಿಸುವ ಒಂದು ಕ್ಲಾಸು ಇತ್ತು. ಅರ್ಗಾದಲ್ಲಿದ್ದ ನಮ್ಮ ಗದ್ದೆ ನೌಕಾನೆಲೆಗೆ ಹೋದ ಮೇಲೆ ನಾವು ತೋಡೂರಿನಲ್ಲಿ ಮನೆ ಮಾಡಿಕೊಂಡಿದ್ದೆವು. ಇಂಗ್ಲಿಷ್ ಬಂದರೆ ಎಲ್ಲಾದರೂ ಕೆಲಸ ಸಿಕ್ಕೀತು ಎಂದು ಅಪ್ಪ ನನ್ನನ್ನು ಆ ಕ್ಲಾಸಿಗೆ ಸೇರಿಸಿದರು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಬಿ.ಎ. ಮುಗಿಸಿದ್ದರೂ ಇಂಗ್ಲಿಷಿನಲ್ಲಿ ಒಂದು ವಾಕ್ಯ ಪೂರ್ತಿ ಹೇಳಲು ನನಗೆ ನಾಲಿಗೆ ತಿರುಗುತ್ತಿರಲಿಲ್ಲ.

ನಮ್ಮ ಸರ್ ಕಂಪ್ಯೂಟರಿನ ಪ್ರತಿ ಪದಕ್ಕೂ ಮೊದಲು ನಿಘಂಟಿನಲ್ಲಿ ಅರ್ಥ ಹುಡುಕಿಸುತ್ತಿದ್ದರು. ವೆಬ್ ಎಂದರೆ ಜೇಡರ ಬಲೆ. ಸರ್ವರ್ ಎಂದರೆ ಬಡಿಸುವವನು. ಬ್ರೌಸ್ ಎಂದರೆ ಆಡು ಚಿಗುರು ಮೇಯುವುದು ಎಂದು ಗೊತ್ತಾದ ದಿನ ಇಡೀ ಕ್ಲಾಸು ನಕ್ಕಿತ್ತು. ಇಮೇಲ್ ನೇರವಾಗಿ ಯಾರ ಕೈಗೂ ಹೋಗುವುದಿಲ್ಲ ಎಂದೂ ಅವರೇ ತಿಳಿಸಿದ್ದರು. ನಮ್ಮ ಸರ್ವರ್ ವಿಳಾಸ ನೋಡಿ ಅವರ ಸರ್ವರಿಗೆ ಒಪ್ಪಿಸುತ್ತದೆ. ಅವರು ಬಂದು ತೆರೆಯುವ ತನಕ ಅದು ಅಲ್ಲಿಯೇ ಬಿದ್ದಿರುತ್ತದೆ.

ನನಗೆ ಇದೆಲ್ಲ ಬೇಕಾದದ್ದು ಭಾವನಿಗಾಗಿ. ಅಕ್ಕನನ್ನು ಅಂಕೋಲೆಗೆ ಕೊಟ್ಟಿದ್ದೆವು. ಭಾವ ಸರಕು ಹಡಗೊಂದರಲ್ಲಿ ಫಿಟ್ಟರ್ ಆಗಿದ್ದರು. ಹಡಗು ಬಂದರಿಗೆ ಬಂದಾಗ ಯಾವುದಾದರೂ ಸೈಬರ್ ಕೆಫೆಗೆ ಹೋಗಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ನನಗೆ ಕಳಿಸುತ್ತಿದ್ದರು. ನಾನು ಓದಿ ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಮಳೆಗಾಲ ಕಳೆದ ಮೇಲೆ ಅದು ನಿಂತುಹೋಯಿತು. ಫೋನೂ ಇಲ್ಲ. ಅವರನ್ನು ಹಡಗಿಗೆ ಸೇರಿಸಿದ ಏಜೆಂಟನ ಮುಂಬಯಿ ಆಫೀಸಿಗೆ ಎಷ್ಟು ಸಲ ಮಾಡಿದರೂ ಯಾರೂ ಎತ್ತಲಿಲ್ಲ. ದೀಪಾವಳಿಯೂ ಹಾಗೆಯೇ ಕಳೆಯಿತು.

ಒಂದು ಬೆಳಿಗ್ಗೆ ಅಕ್ಕ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು, ಬಸ್ಸು ಹತ್ತಿ, ನೇರ ನಮ್ಮ ಕ್ಲಾಸಿಗೇ ಬಂದಳು.

"ನನ್ ಎದ್ರಿಗೇ ಬರಿಯೇ ತಂಗಿ. ನಾ ಹೇಳ್ದಂಗೆ ಬರಿ," ಎಂದಳು.

ಅವಳು ಹೇಳಿದಳು, ನಾನು ಟೈಪ್ ಮಾಡಿದೆ. ಮಗಳು ಗೋಡೆ ಹಿಡಿದು ನಡೆಯುತ್ತಾಳೆ, ಎಲ್ಲಿದ್ದರೂ ಒಂದು ಮಾತು ತಿಳಿಸಿ, ಅಷ್ಟೇ. ಕಳಿಸುವ ಬಟನ್ ಒತ್ತಿದೆ. ಅಕ್ಕ ಕುರ್ಚಿಯಿಂದ ಏಳುವ ಮೊದಲೇ ನನ್ನ ಇಮೇಲ್ ಪೆಟ್ಟಿಗೆಯಲ್ಲಿ ಹೊಸದೊಂದು ಮೇಲ್ ಬಂದು ಕುಳಿತಿತ್ತು.

"ಬಂತನೆ? ಅವರದ್ದೇ ಅಲ್ವನೆ?" ಅಕ್ಕನ ಮುಖ ಒಮ್ಮೆಲೇ ಬೆಳಗಿತು.

ತೆರೆದೆ. ಕಳಿಸಿದವರ ಹೆಸರು ಭಾವನದಾಗಿರಲಿಲ್ಲ. ಉದ್ದುದ್ದ ಇಂಗ್ಲಿಷ್ ಸಾಲುಗಳ ನಡುವೆ ಭಾವನ ವಿಳಾಸ, ಅದರ ಮೇಲೆ 'ಪರ್ಮನೆಂಟ್ ಫೇಟಲ್ ಎರರ್ಸ್' ಎಂಬ ಮಾತು. ಪರ್ಮನೆಂಟ್ ಗೊತ್ತಿತ್ತು. ಫೇಟಲ್ ಎಂಬುದಕ್ಕಾಗಿ ಅಭ್ಯಾಸಬಲದಿಂದ ನಿಘಂಟು ತೆರೆದೆ. 'ಪ್ರಾಣಾಂತಕ, ಸಾವು ತರುವಂಥ' ಎಂದಿತ್ತು. ಪುಸ್ತಕ ಮುಚ್ಚಬೇಕು ಎಂದುಕೊಳ್ಳುವಷ್ಟರಲ್ಲಿ ನನ್ನ ಹೆಗಲ ಮೇಲಿಂದ ಬಗ್ಗಿದ್ದ ಅಕ್ಕ ಅದನ್ನು ಓದಿಯಾಗಿತ್ತು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಕನ್ನಡ ಬರುತ್ತಿತ್ತು.

ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಹಾಗೆಯೇ ಕುಳಿತುಬಿಟ್ಟಳು. ನಾನು ಓಡಿಹೋಗಿ ಸರ್ ಅವರನ್ನು ಕರೆತಂದೆ.

ಅವರು ಪರದೆ ನೋಡಿ, "ಇಲ್ಲ ಅಮ್ಮ, ಹೆದ್ರಬೇಡಿ. ಇದು ಮನುಷ್ಯರು ಬರ್ದದ್ದಲ್ಲ, ಮಶೀನ್ ಬರ್ದದ್ದು. ಮೇಲ್ ಮುಟ್ಟದೇ ಇದ್ರೆ ಅದು ಹಿಂಗೇ ಹೇಳ್ತದೆ. ಬಹಳ ದಿವ್ಸ ತೆಗೀದೇ ಇದ್ರೆ ಪೆಟ್ಟಿಗೆ ಬಂದ್ ಮಾಡ್ತಾರೆ. ಅಷ್ಟೇ," ಎಂದರು.

"ಮತ್ತೆ ಅವರು ಎಂತಕೆ ತೆಗೀಲಿಲ್ಲ ಸರ್?" ಎಂದು ಅಕ್ಕ ಕೇಳಿದಳು.

ಸರ್ ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡು ಹಡಗಿನ ಹೆಸರು ಕೇಳಿದರು. ಅದು ಒಂದು ಹೂವಿನ ಹೆಸರು. ಹುಡುಕುವ ಪೆಟ್ಟಿಗೆಯಲ್ಲಿ ಹಾಕಿದರೆ ಬೀಜ ಮಾರುವವರು, ಮದುವೆಗೆ ಹೂಗುಚ್ಛ ಕಟ್ಟಿಕೊಡುವವರು, ಅತ್ತರಿನ ಅಂಗಡಿಗಳು ಬಂದವು. ಅಕ್ಕ ಆ ಬಣ್ಣದ ಹೂಗಳನ್ನು ನೋಡಲಾರದೆ ಮುಖ ತಿರುಗಿಸಿದಳು.

"ಇದಕ್ಕೆ ನಮ್ಮ ಮನಸ್ಸು ಗೊತ್ತಾಗೂದಿಲ್ಲ. ಯಾವ ಪುಟದಲ್ಲಿ ಈ ಅಕ್ಷರ ಅದೆಯೋ ಆ ಪುಟ ತೋರಿಸ್ತದೆ. ನಾವೇ ಇನ್ನೂ ಬಿಡಿಸಿ ಹೇಳ್ಬೇಕು," ಎನ್ನುತ್ತ ಸರ್ ಹೆಸರಿನ ಜೊತೆಗೆ ಹಡಗು, ಸಿಬ್ಬಂದಿ ಎಂಬ ಇಂಗ್ಲಿಷ್ ಪದಗಳನ್ನೂ ಸೇರಿಸಿದರು.

ಈ ಸಲ ದೂರದೇಶದ ಬಂದರೊಂದರ ಪತ್ರಿಕೆಯ ಪುಟ ಸಿಕ್ಕಿತು. ಮಾಲೀಕರು ಆ ಹಡಗನ್ನು ಕೈಬಿಟ್ಟಿದ್ದರು. ಬಾಕಿ ಹಣಕ್ಕಾಗಿ ಬಂದರಿನವರು ಅದನ್ನು ತಡೆಹಿಡಿದಿದ್ದರು. ಸಿಬ್ಬಂದಿಗೆ ಇಳಿಯಲು ಪರವಾನಗಿಯಿಲ್ಲ. ಕುಡಿಯುವ ನೀರನ್ನೂ ನಾವಿಕರ ಸೇವಾ ಸಂಸ್ಥೆಯೊಂದು ದೋಣಿಯಲ್ಲಿ ಒಯ್ದು ಕೊಡುತ್ತಿದೆ. ನಾನು ಸಾಲು ಸಾಲಾಗಿ ಅರ್ಥ ಹೇಳಿದೆ.

"ಅವರ ಹೆಸ್ರು ಅದ್ಯನೆ?"

"ಯಾರ ಹೆಸ್ರೂ ಇಲ್ಲ ಅಕ್ಕ. ಸಿಬ್ಬಂದಿ ಅಂತ ಮಾತ್ರ ಅದೆ."

ಸುದ್ದಿಯೂ ಹಳೆಯದು, ತಿಂಗಳ ಮೇಲಾಗಿತ್ತು. ಆದರೆ ಸೇವಾ ಸಂಸ್ಥೆಯ ಇಮೇಲ್ ವಿಳಾಸ ಹುಡುಕಿದರೆ ಸಿಕ್ಕಿತು. ಭಾವನ ಹೆಸರು ಹಾಕಿ ನಾನು ಇಂಗ್ಲಿಷಿನಲ್ಲಿ ಬರೆದೆ, ಸರ್ ತಿದ್ದಿದರು. ಕಳಿಸಿದ ಮೇಲೆ ಮೂವರೂ ಪರದೆಯನ್ನೇ ನೋಡುತ್ತ ಕುಳಿತೆವು. ಏನೂ ಮರಳಿ ಬರಲಿಲ್ಲ. ಹೋಗಿ ಮುಟ್ಟಿತು ಎಂಬುದಷ್ಟೇ ಆ ಹೊತ್ತಿನ ಸಮಾಧಾನ.

ಆಮೇಲಿನ ದಿನಗಳಲ್ಲಿ ನನಗೆ ಕ್ಲಾಸಿನ ಮೆಟ್ಟಿಲು ಹತ್ತಲು ಭಯವಾಗುತ್ತಿತ್ತು. ಪೆಟ್ಟಿಗೆ ಖಾಲಿ ಇದ್ದರೆ ಅಕ್ಕನಿಗೆ ಏನೆಂದು ಹೇಳಲಿ? ತುಂಬಿದ್ದರೆ ಒಳಗೆ ಏನಿದ್ದೀತು? ಕೊನೆಗೊಂದು ದಿನ ಉತ್ತರ ಬಂತು. ನಿಮ್ಮವರು ಇಲ್ಲಿದ್ದಾರೆ, ಜ್ವರ ಬಂದಿತ್ತು, ಈಗ ಎದ್ದು ಓಡಾಡುತ್ತಾರೆ, ಶನಿವಾರ ಪರವಾನಗಿ ಪಡೆದು ಇಳಿಸಿಕೊಂಡು ಬಂದು ನಮ್ಮ ಆಫೀಸಿನಿಂದ ಫೋನು ಮಾಡಿಸುತ್ತೇವೆ ಎಂದಿತ್ತು. ನಿಘಂಟು ತೆಗೆಯದೆ ಎರಡು ಸಲ ಓದಿದೆ.

ಭಾವ ಮನೆ ಸೇರುವಷ್ಟರಲ್ಲಿ ಮತ್ತೊಂದು ಮಳೆಗಾಲ ಹತ್ತಿರ ಬಂದಿತ್ತು. ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದ್ದರು. ಮಗಳು ಅವರನ್ನು ನೋಡಿ ಅಕ್ಕನ ಹಿಂದೆ ಅಡಗಿದಳು, ಬಹಳ ದಿನ ಹತ್ತಿರ ಹೋಗಲಿಲ್ಲ. ಅವರು ಮತ್ತೆ ಹಡಗು ಹತ್ತಲಿಲ್ಲ. ಅಂಕೋಲೆಯ ಒಂದು ಗ್ಯಾರೇಜಿಗೆ ಸೇರಿದರು. ಹಡಗಿನಲ್ಲಿ ಏನಾಯಿತು ಎಂದು ಯಾರು ಕೇಳಿದರೂ, "ಎಂತದೂ ಇಲ್ಲ," ಎನ್ನುತ್ತಿದ್ದರು. ಆದರೆ ಬೆಳಿಗ್ಗೆ ಎದ್ದ ಕೂಡಲೇ ಬಾವಿಯಿಂದ ನೀರು ಸೇದಿ ಮನೆಯ ಕೊಡ, ಬಕೆಟ್ಟು, ಪಾತ್ರೆಯನ್ನೆಲ್ಲ ತುಂಬಿಸಿಡುತ್ತಿದ್ದರು. ಅಕ್ಕ ಅಡುಗೆಮನೆಯಲ್ಲಿ ಕಾಲಿಡಲು ಜಾಗ ಮಾಡಿಕೊಳ್ಳುತ್ತಿದ್ದಳೇ ಹೊರತು ಒಂದು ಕೊಡವನ್ನೂ ಚೆಲ್ಲುತ್ತಿರಲಿಲ್ಲ.