ನಿಮ್ಮ ಸರದಿ ಹಾಗೇ ಇದೆ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಡಯಾಲಿಸಿಸ್ ವಿಭಾಗದ ಹೊರಗೆ ಮೊದಲ ಸರದಿಯವರು ಒಬ್ಬೊಬ್ಬರಾಗಿ ಬಂದು, ಗೋಡೆಯ ಪರದೆ ಮುಟ್ಟಿ ಹಾಜರಿ ಹಾಕುತ್ತಿದ್ದಾರೆ. ಮೂಲೆಯ ಕುರ್ಚಿಯಲ್ಲಿ ಫ್ಲಾಸ್ಕ್ ಹಿಡಿದು ಕೂತ ಹೆಂಗಸು ರೋಗಿಯಲ್ಲ, ರೋಗಿಯ ಕಡೆಯವರೂ ಅಲ್ಲ. ಅವರ ಕಣ್ಣೆಲ್ಲ ಜನರ ಬೆರಳಿನ ಮೇಲೆ. ಯಾವ ಬೆರಳು ಎಲ್ಲಿ ತಡವರಿಸಿತು? ಯಾಕೆ?

ಆ ಪರದೆಯಲ್ಲೂ, ಮನೆಯಿಂದಲೇ ಸರದಿ ನೋಡಿಕೊಳ್ಳುವ ವೆಬ್‌ಸೈಟಿನಲ್ಲೂ ಐದು ಭಾಷೆಗಳಿವೆ. ಕನ್ನಡದ ಒಂದೊಂದು ಮಾತೂ ಇವರು ಬರೆದದ್ದು. ಮೊದಲು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಅದು ಬಾಗಿಲು ಹಾಕಿದ ಮೇಲೆ ಈ ಕೆಲಸ ಹಿಡಿದರು. ಅತ್ತೆಯವರಿಗೆ ಇದು ಇಂದಿಗೂ ಒಗಟು. "ದಿನವಿಡೀ ಕೂತು ನಾಲ್ಕು ಪದ ಬರೀತಾಳೆ, ಅದಕ್ಕೆ ಸಂಬಳ ಬೇರೆ!" ಎಂದು ನಗುತ್ತಾರೆ.

ಅಂಥ ಮೂರೇ ಪದ ಕಳೆದ ವರ್ಷ ಒಬ್ಬರ ಜೀವಕ್ಕೆ ಕುತ್ತು ತಂದಿತ್ತು. ನಿವೃತ್ತ ಲಾರಿ ಚಾಲಕರೊಬ್ಬರು ಮೊಬೈಲಿನಲ್ಲಿ ಸರದಿ ನೋಡುತ್ತಾ ಹಾಗೇ ತೂಕಡಿಸಿದರು. ಕಣ್ಣು ಬಿಟ್ಟಾಗ "ನಿಮ್ಮ ಅವಧಿ ಮುಗಿದಿದೆ" ಎಂದಿತ್ತು. ಬಹಳ ಹೊತ್ತು ಏನನ್ನೂ ಒತ್ತದಿದ್ದರೆ ವೆಬ್‌ಸೈಟ್ ತಾನಾಗಿ ಹೊರಗೆ ಹಾಕುತ್ತದೆ, ಅಷ್ಟೇ. ಅವರೋ ತಮ್ಮ ಚಿಕಿತ್ಸೆಯೇ ಮುಗಿಯಿತೆಂದುಕೊಂಡು ಮನೆಯಲ್ಲೇ ಉಳಿದರು. ದಾದಿ ಫೋನ್ ಮಾಡುವಷ್ಟರಲ್ಲಿ ಮೈಯೆಲ್ಲ ಊದಿ ಏದುಸಿರು ಬರುತ್ತಿತ್ತು. ಹೇಗೋ ಬದುಕಿಕೊಂಡರು.

"ವ್ಯಾಕರಣ ಸರಿಯಾಗೇ ಇತ್ತು ನೋಡಿ. ಕಾಯಿಲೆಯವ್ರು ಅದನ್ನ ಹೇಗೆ ಓದ್ತಾರೆ ಅಂತ ನನಗೆ ಹೊಳೀಲೇ ಇಲ್ಲ. ಸುದ್ದಿ ಕೇಳಿದ ದಿನಾನೇ ಬರೆದದ್ದನ್ನೆಲ್ಲ ಮೊದಲಿಂದ ಓದೋಕೆ ಕೂತೆ," ಎನ್ನುತ್ತಾರೆ.

ಹೊಸದಾಗಿ ಬರೆದರು: "ತುಂಬ ಹೊತ್ತಾಯಿತು, ಮತ್ತೆ ಒಳಗೆ ಬನ್ನಿ. ನಿಮ್ಮ ಸರದಿ ಹಾಗೇ ಇದೆ."

ವೆಬ್‌ಸೈಟಿನ ಪ್ರೋಗ್ರಾಮರ್ ತಲೆ ಕೆರೆದುಕೊಂಡ. "ಅಕ್ಕಾ, ಇಷ್ಟುದ್ದ ಈ ಚೌಕದಲ್ಲಿ ಹಿಡಿಸಲ್ಲ. ಬೇರೆ ಭಾಷೇಲಿ ಎರಡೇ ಪದ!"

"ಅಂಗಿ ಬಿಗಿಯಾದ್ರೆ ಮೈ ಕೆತ್ತುತ್ತೀಯೇನಪ್ಪಾ? ಅಂಗೀನೇ ಸಡಿಲ ಮಾಡು."

ಚೌಕ ಹಿಗ್ಗಿತು. ಉಳಿದ ನಾಲ್ಕು ಭಾಷೆಯವರೂ ತಮ್ಮ ತಮ್ಮ ಮಾತನ್ನು ತಿರುಗಿ ಓದಿಕೊಂಡರು; ಇಬ್ಬರು ಬದಲಿಸಿಯೇಬಿಟ್ಟರು. ಅಂದಿನಿಂದ ಇವರ ಮುಂಜಾನೆ ಈ ಕುರ್ಚಿಯಲ್ಲಿ. ಬರೆದದ್ದನ್ನು ಜನ ಓದುವಾಗ ಮುಖ ನೋಡಬೇಕಂತೆ.

ಇವತ್ತು ಆ ಚಾಲಕರೇ ಪರದೆಯ ಮುಂದೆ ನಿಂತಿದ್ದಾರೆ. ಒತ್ತುತ್ತಾರೆ, ಓದುತ್ತಾರೆ, ಪಕ್ಕದವರತ್ತ ತಿರುಗುತ್ತಾರೆ. "ಯಾರೋ ನಮ್ಮನೆಯವ್ರೇ ಬರ್ದಂಗಿದೆ ಕಣ್ರೀ!"

ಹಾಗಂದು ಒಳಗೆ ನಡೆಯುತ್ತಾರೆ. ಮೂಲೆಯ ಕುರ್ಚಿಯವರು ಯಾರೆಂದು ಅವರಿಗೆ ಗೊತ್ತಿಲ್ಲ. ಹೋಗಿ ಹೇಳಬಾರದೇ ಎಂದರೆ ಇವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ತಲೆಯಾಡಿಸುತ್ತಾರೆ.

"ಬೇಡ ಬಿಡಿ. ಹೊತ್ತಿಗೆ ಸರಿಯಾಗಿ ಒಳಗೆ ಹೋದ್ರಲ್ಲ, ಅಷ್ಟು ಸಾಕು."